ಗಿಣಿ ಹಾರಿಹೋದ ಮೇಲಿನ ಶಾಸ್ತ್ರ

ಮೊಮ್ಮಗಳು ಕಾಲೇಜಿನ ರಜಕ್ಕೆ ಬಂದಿದ್ದಾಳೆ. ಇವತ್ತು ಬೆಳಿಗ್ಗೆ ನಾನು ತಿಂಡಿ ಮುಗಿಸಿ ಕೈತೊಳೆದು ಬರುವಷ್ಟರಲ್ಲಿ ಊಟದ ಮೇಜಿನ ಮೇಲೆ ಏನೋ ಹರಡಿಕೊಂಡು ಕೂತಿದ್ದಳು. ಇಸ್ಪೀಟು ಅಂದುಕೊಂಡು, ಹೊತ್ತು ಕಳೆಯಲು ಜೊತೆ ಸಿಕ್ಕಿತಲ್ಲ ಎಂಬ ಆಸೆಯಿಂದ ಕುರ್ಚಿ ಎಳೆದುಕೊಂಡೆ. ಇಸ್ಪೀಟಲ್ಲ, ಉದ್ದುದ್ದ ಚಿತ್ರದ ಎಲೆಗಳು. ಒಂದರಲ್ಲಿ ಸಿಡಿಲು ಬಡಿದ ಗೋಪುರ, ಇನ್ನೊಂದರಲ್ಲಿ ಕುದುರೆ ಏರಿದ ಅಸ್ಥಿಪಂಜರ. ಇದಕ್ಕೆ ಟ್ಯಾರೋ ಎನ್ನುತ್ತಾರಂತೆ. ಭವಿಷ್ಯ ಹೇಳುತ್ತದೆಯೇ ಎಂದು ಕೇಳಿದೆ. ಆ ಪ್ರಶ್ನೆ ಅವಳಿಗೆ ರುಚಿಸಲಿಲ್ಲ. ಭವಿಷ್ಯಕ್ಕಲ್ಲವಂತೆ, ನಮ್ಮ ಮನಸ್ಸಿನಲ್ಲಿ ಏನಿದೆ ಎಂದು ನಾವೇ ನೋಡಿಕೊಳ್ಳುವುದಕ್ಕಂತೆ. ಅಸ್ಥಿಪಂಜರ ಬಂದರೆ ಯಾರೂ ಸಾಯುವುದಿಲ್ಲ, ಏನೋ ಮುಗಿದು ಏನೋ ಶುರುವಾಗುತ್ತದೆ. ಗೋಪುರ ಬಂದರೆ ನಮಗೆ ನಾವೇ ಕಟ್ಟಿಕೊಂಡ ಸುಳ್ಳೊಂದು ಬೀಳುತ್ತದೆ. ಇದೆಲ್ಲ ಪರದೇಶದ ಹೊಸ ವಿಷಯ, ತಾತನಿಗೆ ಎಲ್ಲಿ ಅರ್ಥವಾಗಬೇಕು ಎಂಬ ಕನಿಕರ ಅವಳ ದನಿಯಲ್ಲಿತ್ತು. ನಾನು ಎದುರಾಡಲಿಲ್ಲ. ಆದರೆ ನಿಮ್ಮ ಹತ್ತಿರ ಹೇಳುವುದಕ್ಕೇನು, ಈ ವಿದ್ಯೆ ನಡೆಯುತ್ತಿದ್ದ ಮನೆಯಲ್ಲಿ ನಾನು ವರ್ಷಕ್ಕೂ ಮೇಲ್ಪಟ್ಟು ಅನ್ನ ಉಂಡಿದ್ದೇನೆ. ಕೆಲವು ದಿನ ಆ ವಿದ್ಯೆಯ ದೆಸೆಯಿಂದ ಉಪವಾಸವನ್ನೂ ಮಾಡಿದ್ದೇನೆ.

ಅದು ಯುದ್ಧದ ಕಾಲ. ಸೀಮೆಎಣ್ಣೆಗೆ ಪರದಾಟ, ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡುತ್ತಿದ್ದವು. ನನಗೆ ಶ್ರೀನಿವಾಸಪುರದ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಅಲ್ಲಿ ನಮ್ಮ ದೊಡ್ಡಮ್ಮ, ಎಂದರೆ ನನ್ನ ತಾಯಿಯ ಅಕ್ಕ ಸುಬ್ಬಮ್ಮ ಇದ್ದರು. ದೊಡ್ಡಪ್ಪ ಶೇಕದಾರರಾಗಿದ್ದು ನಿವೃತ್ತರಾದವರು. ಹಳ್ಳಿ ಹಳ್ಳಿ ತಿರುಗಿ ಕಂದಾಯದ ಉಸ್ತುವಾರಿ ನೋಡಿದ ಠೀವಿಯನ್ನು ಮನೆಯ ಜಗಲಿಯ ಮೇಲೂ ಬಿಟ್ಟಿರಲಿಲ್ಲ. ಮಕ್ಕಳಿಲ್ಲದ ಮನೆ. ನಾನು ಪೆಟ್ಟಿಗೆ ಇಳಿಸಿದಾಗ ಇಬ್ಬರಿಗೂ ಆದ ಸಂತೋಷ ನೋಡಿ, ನನ್ನಂಥ ಗುಣವಂತನನ್ನು ಕಂಡರೆ ಯಾರಿಗೆ ತಾನೆ ಸಂತೋಷವಾಗದು ಎಂದುಕೊಂಡೆ. ನಿಜವಾದ ಕಾರಣ ಸಂಜೆಯ ಊಟಕ್ಕೆ ಕೂತಾಗ ತಿಳಿಯಿತು.

ಗಂಡಹೆಂಡಿರು ಮಾತು ಬಿಟ್ಟು ವರ್ಷಗಳಾಗಿದ್ದವು. ಜಗಳವೇನೂ ಕಾಣುತ್ತಿರಲಿಲ್ಲ. ಸ್ನಾನಕ್ಕೆ ನೀರು ಕಾದಿರುತ್ತಿತ್ತು, ಎಲೆ ಹಾಕಿ ಬಡಿಸುವುದು ನಡೆಯುತ್ತಿತ್ತು, ಮಾತು ಮಾತ್ರ ಇಲ್ಲ. ಹೇಳಲೇಬೇಕಾದದ್ದನ್ನು ದೊಡ್ಡಮ್ಮ ನಡುಮನೆಯ ಕಂಬಕ್ಕೆ ಹೇಳುತ್ತಿದ್ದರು, ದೊಡ್ಡಪ್ಪ ಗೋಡೆಗೆ ಉತ್ತರ ಕೊಡುತ್ತಿದ್ದರು. ನಾನು ಬಂದದ್ದರಿಂದ ಕಂಬಕ್ಕೂ ಗೋಡೆಗೂ ಬಿಡುವು ಸಿಕ್ಕಿತು. ಸಾರಿಗೆ ಉಪ್ಪಿಲ್ಲ ಎಂದು ಹೇಳು ನಿಮ್ಮ ದೊಡ್ಡಮ್ಮನಿಗೆ ಎಂದು ಇವರು. ನಾಲಗೆಗೆ ವಯಸ್ಸಾಗಿದೆ ಎಂದು ಹೇಳು ನಿಮ್ಮ ದೊಡ್ಡಪ್ಪನಿಗೆ ಎಂದು ಅವರು. ಇಬ್ಬರೂ ಒಂದೇ ಕೋಣೆಯಲ್ಲಿ, ನನ್ನ ಎಡಕ್ಕೊಬ್ಬರು ಬಲಕ್ಕೊಬ್ಬರು. ಆದರೂ ನಾನು ಪ್ರತಿಯೊಂದನ್ನೂ ಮತ್ತೊಮ್ಮೆ ಹೇಳಲೇಬೇಕು. ಹೇಳುವವರೆಗೆ ಕೇಳಿಸಿಲ್ಲವೆಂದೇ ಲೆಕ್ಕ. ಹೇಳುವಾಗ ಸ್ವಲ್ಪ ಬೆಲ್ಲ ಬೆರೆಸಿ ಹೇಳುತ್ತಿದ್ದೆ. ಸಾರು ಬಹಳ ಚೆನ್ನಾಗಿದೆಯಂತೆ, ಒಂದು ಕಲ್ಲು ಉಪ್ಪು ಬಿದ್ದರೆ ಇನ್ನೂ ಸೊಗಸಂತೆ, ಹೀಗೆ.

ಕಾರಣವನ್ನು ನೆರೆಮನೆಯವರು ಹೇಳಿದರು. ದೊಡ್ಡಮ್ಮನ ತಾಯಿ, ನನಗೆ ಅಜ್ಜಿ, ಆವನಿಯಲ್ಲಿ ಮಗನ ಮನೆಯಲ್ಲಿದ್ದರು. ಅವರಿಗೆ ಮೈ ಸರಿಯಿಲ್ಲ, ಮಗಳನ್ನು ಕೇಳುತ್ತಿದ್ದಾರೆ ಎಂದು ಆಳು ಬಂದಾಗ ದೊಡ್ಡಪ್ಪ ಜಮಾಬಂದಿಯ, ಎಂದರೆ ಕಂದಾಯದ ವಾರ್ಷಿಕ ತಪಾಸಣೆಯ ಗಡಿಬಿಡಿಯಲ್ಲಿದ್ದರು. ಗಾಡಿ ಅವರ ಜೊತೆ ಕ್ಯಾಂಪಿನಲ್ಲಿತ್ತು. ನಾಳೆ ಕಳಿಸುತ್ತೇನೆ ಎಂದರು. ಮುದುಕರಿಗೆ ಆಗಾಗ ಹೀಗಾಗುತ್ತದೆ ಎಂದೂ ಸೇರಿಸಿದರಂತೆ. ಗಾಡಿ ಬಂದು ದೊಡ್ಡಮ್ಮ ಆವನಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಂದಿನಿಂದ ಕಂಬವೇ ಗತಿ.

ಇನ್ನು ಗಿಣಿಯ ಕಥೆಗೆ ಬರುತ್ತೇನೆ. ಪ್ರತಿ ವರ್ಷ ಮಾವಿನ ಕಾಯಿ ಬಲಿಯುವ ಕಾಲಕ್ಕೆ ಪುಂಗನೂರಿನ ಕಡೆಯಿಂದ ಗಂಗುಲಪ್ಪ ಎಂಬ ಗಿಣಿಶಾಸ್ತ್ರದವನು ಬರುತ್ತಿದ್ದ. ಪಂಜರದಿಂದ ಗಿಣಿ ಹೊರಬಂದು, ಸಾಲಾಗಿ ಜೋಡಿಸಿದ ಚೀಟಿಗಳಲ್ಲಿ ಒಂದನ್ನು ಕೊಕ್ಕಿನಿಂದ ಎಳೆದು ಕೊಡುವುದು, ಅವನು ಚಿತ್ರ ತೋರಿಸಿ ಫಲ ಹೇಳುವುದು. ಪಟ್ಟಾಭಿಷೇಕ ಬಂದರೆ ಜಯ, ವನವಾಸ ಬಂದರೆ ಕಷ್ಟ, ಹಾವು ಬಂದರೆ ಮರೆಯಲ್ಲೊಬ್ಬ ಶತ್ರು. ಆ ಸಲ ನಮ್ಮ ಜಗಲಿಯ ಮೇಲೇ, ದೊಡ್ಡಮ್ಮನ ಚೀಟಿ ತೆಗೆಯಲೆಂದು ಬಾಗಿಲು ತೆರೆದಾಗ ಗಿಣಿ ಹೊರಗೆ ಬಂದು, ಚೀಟಿಗಳ ಕಡೆ ಒಮ್ಮೆ, ಆಕಾಶದ ಕಡೆ ಒಮ್ಮೆ ನೋಡಿ, ಹಾರಿಹೋಯಿತು. ಸುತ್ತಮುತ್ತ ಎತ್ತ ನೋಡಿದರೂ ಮಾವಿನ ತೋಪು. ಅಂಥಾ ಊರಿನಲ್ಲಿ ತಪ್ಪಿಸಿಕೊಂಡ ಗಿಣಿ ಯಾವ ಕರೆಗೆ ತಾನೇ ವಾಪಸು ಬರುತ್ತದೆ?

ಗಂಗುಲಪ್ಪ ತೋಪಿನಿಂದ ತೋಪಿಗೆ ಅಲೆದು, ಸೋತು ಬಂದು ಜಗಲಿಯ ಮೇಲೆ ಕುಸಿದು, ಪಕ್ಷಿ ಪೋಯಿಂದಮ್ಮಾ, ಹೋಯಿತಮ್ಮಾ ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಅತ್ತ. ದೊಡ್ಡಮ್ಮ ಮಜ್ಜಿಗೆ ಕೊಟ್ಟರು. ಮಜ್ಜಿಗೆ ಕುಡಿದ ಮೇಲೆ ಆ ದುಃಖದಲ್ಲಿ ಒಂದು ನಿಜವನ್ನೂ ಹೇಳಿಬಿಟ್ಟ.

“ಗಿಣಿ ಯಾವ್ದಾದ್ರೂ ಕೊಡ್ಲಿ ತಲ್ಲೀ. ನಾನು ಎದುರಿಗಿರೋರ ಮುಖ ನೋಡಿ ಹೇಳ್ತಿದ್ದೆ.”

ಅವನು ಒಂದು ಮಾವಿನ ತೋಪಿನಲ್ಲಿ ಕಾವಲಿಗೆ ಸೇರಿಕೊಂಡ. ತನ್ನ ಗಿಣಿಯನ್ನೇ ಓಡಿಸುವ ಕೆಲಸ ಅದು ಎಂದು ದೊಡ್ಡಪ್ಪ ಗೋಡೆಯ ಕಡೆ ತಿರುಗಿ ನಕ್ಕರು. ಚೀಟಿಯ ಕಟ್ಟನ್ನು ನೋಡಿದರೆ ಹೊಟ್ಟೆ ಉರಿಯುತ್ತದೆಂದು ದೊಡ್ಡಮ್ಮನ ಹತ್ತಿರ ಬಿಟ್ಟುಹೋದ. ಎಣ್ಣೆಜಿಡ್ಡು ಹಿಡಿದ ದಪ್ಪ ಕಾಗದ, ಮೂಲೆಗಳಲ್ಲೆಲ್ಲ ಕೊಕ್ಕಿನ ಕಚ್ಚು. ದೊಡ್ಡಮ್ಮ ಎರಡು ದಿನ ಅದನ್ನು ದೇವರ ಗೂಡಿನಲ್ಲಿಟ್ಟು ಯೋಚನೆ ಮಾಡಿದರು. ಆಮೇಲೆ ಒಂದು ಬೆಳಿಗ್ಗೆ ಕಾಫಿ ಕುಡಿದು, ಮಣೆಯ ಮೇಲೆ ಚೀಟಿ ಹರಡಿ, ಕಣ್ಣು ಮುಚ್ಚಿ ತಾವೇ ಒಂದನ್ನು ಎಳೆದರು. ಅವನು ಮುಖ ನೋಡಿ ಹೇಳುತ್ತಿದ್ದನಾದರೆ ನನ್ನ ಮುಖ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂಬುದು ಅವರ ವಾದ.

ಅವರ ಶಾಸ್ತ್ರಕ್ಕೆ ಇದ್ದದ್ದು ಒಂದೇ ನಿಯಮ. ಚೀಟಿ ತೆರೆದ ಕೂಡಲೇ ಕಣ್ಣು ಮೊದಲು ಚಿತ್ರದ ಯಾವ ಭಾಗದ ಮೇಲೆ ಬಿತ್ತು, ಅದು ಯಾಕೆ ಬಿತ್ತು, ಅಷ್ಟನ್ನು ಯೋಚಿಸಬೇಕು. ಮೊದಲ ದಿನ ಸಂಜೀವಿನಿ ಬೆಟ್ಟ ಹೊತ್ತ ಹನುಮಂತ ಬಂದ. ದೊಡ್ಡಮ್ಮನ ಕಣ್ಣು ಬೆಟ್ಟದ ಮೇಲೆ ಬಿತ್ತು. ಒಂದು ಬೇರು ಬೇಕಾಗಿದ್ದಕ್ಕೆ ಇಡೀ ಬೆಟ್ಟ ಹೊತ್ತನಲ್ಲ, ನಾನೂ ಹಾಗೇ ಅಲ್ಲವೇ, ಮೂರು ಜನಕ್ಕೆ ಪಲ್ಯ, ಕೂಟು, ಗೊಜ್ಜು ಎಂದು ಸಾಯುತ್ತಿದ್ದೇನಲ್ಲ ಎನ್ನಿಸಿತಂತೆ. ಅಂದಿನಿಂದ ಒಂದು ವಾರ ಅನ್ನ, ಸಾರು, ಮುಗಿಯಿತು. ಬೆಣ್ಣೆ ಕದಿಯುವ ಕೃಷ್ಣ ಬಂದ ದಿನ ಯಶೋದೆಯ ಕೈಯ ಕೋಲು ಕಂಡು, ಹಾಲಿನವಳನ್ನು ಬೈಯುವುದನ್ನು ಬಿಟ್ಟರು. ಹಾಲು ಇನ್ನಷ್ಟು ನೀರಾಯಿತು. ಕುಂಭಕರ್ಣ ಬಂದ ದಿನ ಮನೆ ಕೆಲಸ ಹಾಗೇ ಬಿಟ್ಟು ಮಧ್ಯಾಹ್ನದವರೆಗೆ ಮಲಗಿದರು. ನಾನು ಖಾಲಿ ಹೊಟ್ಟೆಯಲ್ಲಿ ಸ್ಕೂಲಿಗೆ ಹೋಗಿ, ಮಕ್ಕಳಿಗೆ ಬೆಳೆಗಳ ಪಾಠ ಮಾಡುತ್ತ, ರಾಗಿ ಎಂದು ಹೇಳುವಾಗಲೆಲ್ಲ ಜೊಲ್ಲು ನುಂಗಿಕೊಂಡೆ.

ಒಂದು ಭಾನುವಾರ ನನ್ನನ್ನೂ ಕೂರಿಸಿದರು. ತಂಬೂರಿ ಹಿಡಿದ ನಾರದ ಬಂದ. ಅವರು ನನ್ನ ಮುಖ ನೋಡಿದರು, ನಾನು ಮಣೆ ನೋಡಿದೆ. ಎಲ್ಲಿ ಬಿತ್ತೋ ಅಬ್ಬಾಯಿ ಕಣ್ಣು ಎಂದರು. ತಂಬೂರಿಯ ಮೇಲೆ ಎಂದೆ. ಸಂಗೀತ ಕಲಿಯೋ ಯೋಗವೇನೋ ಎಂದು ಅವರು ನಗದೇ ಹೇಳಿದರು.

ಇಷ್ಟೆಲ್ಲ ನಡೆಯುವಾಗ ದೊಡ್ಡಪ್ಪನ ತಿರಸ್ಕಾರ ಹೇಳತೀರದು. ಸರ್ಕಾರದ ಕೆಲಸ ಮಾಡಿದವರ ಮನೆಯಲ್ಲಿ ಗಿಣಿಯ ಉದ್ಯೋಗ ನಡೆಯುತ್ತಿದೆ ಎಂದು ನನ್ನ ಮೂಲಕ ಹೇಳಿ ಕಳಿಸಿದರು. ನಾನದನ್ನು, ದೊಡ್ಡಪ್ಪನಿಗೆ ಕುತೂಹಲವಿದೆ ಎಂದು ತಿದ್ದಿ ತಲುಪಿಸಿದೆ. ಆದದ್ದು ನೋಡಿ, ನನ್ನ ತಿದ್ದುಪಡಿಯೇ ನಿಜವಾಯಿತು. ಒಂದು ಮಧ್ಯಾಹ್ನ ಸ್ಕೂಲಿನಿಂದ ಬೇಗ ಬಂದೆ. ದೊಡ್ಡಮ್ಮ ಗುಡಿಗೆ ಹೋಗಿದ್ದರು. ನಡುಮನೆಯಲ್ಲಿ ದೊಡ್ಡಪ್ಪ ಮಣೆಯ ಮುಂದೆ ಮಂಡಿಯೂರಿ, ಕನ್ನಡಕವನ್ನು ಹಣೆಗೇರಿಸಿ, ಕೈಯಲ್ಲಿದ್ದ ಚೀಟಿಯನ್ನು ಬೈಯುತ್ತಿದ್ದರು. ನನ್ನನ್ನು ಕಂಡು ಗಾಬರಿಯಾಗಿ, ಇಲಿ ಓಡಿದಂತಾಯಿತು, ಹುಡುಕುತ್ತಿದ್ದೆ ಎಂದರು. ಸಿಕ್ಕಿತೇ ಎಂದು ಕೇಳಿದೆ. ಅವರು ಚೀಟಿಯನ್ನು ನನ್ನ ಕಡೆ ಚಾಚಿ, ಬಹಳ ದಿನಗಳಿಂದ ಇದೊಂದೇ ಬರುತ್ತಿದೆ, ಕಟ್ಟಿನಲ್ಲೇ ಏನೋ ದೋಷವಿದೆ ಎಂದರು.

ಅದು ಶ್ರವಣಕುಮಾರನ ಚಿತ್ರ. ಕುರುಡರಾದ ಮುದಿ ತಂದೆತಾಯಿ ಕಾವಡಿಯ ಬುಟ್ಟಿಗಳಲ್ಲಿ ಕೂತು ನೀರಿಗಾಗಿ ಕಾಯುತ್ತಿದ್ದಾರೆ, ಮಗ ಹೊಳೆಯಲ್ಲಿ ಕೊಡ ಅದ್ದುತ್ತಿದ್ದಾನೆ, ಈಚೆ ಪೊದೆಯ ಹಿಂದೆ ದಶರಥ ಬಿಲ್ಲು ಎಳೆದು ನಿಂತಿದ್ದಾನೆ. ಮುಟ್ಟಿ ನೋಡಿದೆ. ಉಳಿದವಕ್ಕಿಂತ ಇದು ದಪ್ಪಗಿತ್ತು. ಹಿಂದೆ ಯಾರೋ ಕಾಗದ ಅಂಟಿಸಿದ್ದರು. ಕಣ್ಣು ಮುಚ್ಚಿ ಕೈ ಆಡಿಸಿದವರಿಗೆ ಮೊದಲು ಸಿಗುವುದೇ ಅದು. ಹೇಳೋಣವೆಂದು ಬಾಯಿ ತೆರೆದೆ. ದೊಡ್ಡಪ್ಪನ ಮುಖ ನೋಡಿ ಮುಚ್ಚಿಕೊಂಡೆ.

ಅದಾದ ಕೆಲವು ದಿನಕ್ಕೆ, ಒಂದು ಸಂಜೆ, ದೊಡ್ಡಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ದೊಡ್ಡಪ್ಪ ಹೊಸಿಲ ಹತ್ತಿರ ಕೂತಿದ್ದರು. ನಾನು ಮಾಮೂಲಿನಂತೆ ಮಧ್ಯದಲ್ಲಿ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, “ಕೇಳೋ ನಿಮ್ಮ ದೊಡ್ಡಮ್ಮನ್ನ. ಮನುಷ್ಯನಿಗೆ ಒಂದೇ ಚೀಟಿ ಮತ್ತೆ ಮತ್ತೆ ಬಂದ್ರೆ ಏನರ್ಥ ಅಂತ” ಎಂದರು.

ನಾನು ತಿರುಗಿ ಹೇಳುವ ಮೊದಲೇ ದೊಡ್ಡಮ್ಮ ಅಕ್ಕಿಯಿಂದ ಕಣ್ಣೆತ್ತದೆ, “ಕಣ್ಣು ಮೊದ್ಲು ಎಲ್ಲಿ ಬೀಳುತ್ತೆ ಅಂತ ಕೇಳು” ಎಂದರು.

ದೊಡ್ಡಪ್ಪ ನನಗಾಗಿ ಕಾಯಲಿಲ್ಲ. “ಪೊದೆ ಹಿಂದೆ” ಎಂದರು.

ಮೊರ ನಿಂತಿತು. ನಾನು ಎಡಕ್ಕೂ ಬಲಕ್ಕೂ ನೋಡುತ್ತ, ಈಗ ನನ್ನ ಪಾತ್ರವೇನು ಎಂದು ತಿಳಿಯದೆ, ಕಂಬಕ್ಕೆ ಬೆನ್ನು ಒರಗಿಸಿದೆ.

“ಅವನಿಗೆ ಗೊತ್ತಿರ್ಲಿಲ್ಲ ಕಣೇ” ಎಂದರು ದೊಡ್ಡಪ್ಪ. “ನೀರಿನ ಸದ್ದು ಕೇಳಿಸ್ತು. ಆನೆ ಅಂದ್ಕೊಂಡ.”

“ಗೊತ್ತಿರ್ಲಿಲ್ಲ, ಸರಿ” ಎಂದರು ದೊಡ್ಡಮ್ಮ. “ಗೊತ್ತಾದ್ಮೇಲೆ ಅವನು ನೀರು ತಗೊಂಡು ಹೋಗಿ ಆ ಮುದುಕರ ಮುಂದೆ ನಿಂತ್ಕೊಂಡ. ನಾನೇ ಮಾಡಿದ್ದು ಅಂದ. ನೀವು ವೈಕುಂಠ ಸಮಾರಾಧನೆಗೆ ಬಂದ್ರಿ, ಊಟ ಮಾಡಿದ್ರಿ, ಜಮಾಬಂದಿ ಅಂತ ಹೊರಟ್ರಿ. ಒಂದು ಮಾತು ಹೇಳಿದ್ರಾ?”

ದೊಡ್ಡಪ್ಪ ಪಂಚೆಯ ಅಂಚನ್ನು ಮಡಿಸಿದರು, ಬಿಚ್ಚಿದರು. ಆಮೇಲೆ, ನಾಳೆ ಆವನಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ನನ್ನನ್ನು ಕೇಳಿದರು. ಮುಳಬಾಗಿಲಿಗೆ ಹೋಗಿ ಅಲ್ಲಿಂದ ಗಾಡಿ ಹಿಡಿಯಬೇಕು ಎಂದೆ. ದೊಡ್ಡಮ್ಮ ಮೊರ ಕೆಳಗಿಟ್ಟು, ಒಳಗೆ ಹೋಗಿ, ದಾರಿಗೆಂದು ಚಪಾತಿ ಹಿಟ್ಟು ಕಲೆಸತೊಡಗಿದರು. ಒಳಗಿಂದ ಅವರು ಅಳುವ ಸದ್ದು ಬರುತ್ತಿತ್ತು. ದೊಡ್ಡಪ್ಪ ಎದ್ದು ಹೋಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಏನು ಮಾಡಬೇಕೆಂದು ತೋಚದೆ, ನೀರಿನ ಚೊಂಬನ್ನು ಎತ್ತಿ ಹಿಟ್ಟಿನ ಪಕ್ಕಕ್ಕೆ ಇಟ್ಟರು.

ಆವನಿಯಲ್ಲಿ ನಡೆದದ್ದು ಆಮೇಲೆ ಸೋದರಮಾವನಿಂದ ತಿಳಿಯಿತು. ದೊಡ್ಡಪ್ಪ ಮನೆಯವರನ್ನೆಲ್ಲ ಕರೆದು, ಅಜ್ಜಿ ಮಲಗುತ್ತಿದ್ದ ಕೋಣೆಯಲ್ಲಿ ನಿಂತು, ಗಾಡಿ ಕಳಿಸದವನು ನಾನು ಎಂದರಂತೆ. ಹೇಳಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟರಂತೆ.

ಅವರು ಹಿಂತಿರುಗಿದ ದಿನದಿಂದ ನನ್ನ ಕಷ್ಟ ಶುರುವಾಯಿತು. ಇಷ್ಟು ವರ್ಷದ ಮಾತು ಬಾಕಿಯಿತ್ತಲ್ಲ, ಅದೆಲ್ಲ ಒಟ್ಟಿಗೆ ಹೊರಬಂತು. ಯಾವುದೋ ಕಾಲದ ಮದುವೆಯಲ್ಲಿ ಯಾರು ಯಾರನ್ನು ಮಾತಾಡಿಸಲಿಲ್ಲ ಎನ್ನುವುದಕ್ಕೆ ಈಗ ಉತ್ತರ. ಸಾರಿನ ಉಪ್ಪಿನ ವಿಚಾರ ಬಂದಾಗ, ಬಹಳ ಚೆನ್ನಾಗಿದೆ ಅಂತ ಹೇಳಿಕಳಿಸಿದ್ರಲ್ಲ ಎಂದು ದೊಡ್ಡಮ್ಮ, ನಾನು ಯಾವಾಗ ಹಾಗಂದೆ ಎಂದು ದೊಡ್ಡಪ್ಪ, ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಆ ಮನೆಯಲ್ಲಿ ಅವರಿಬ್ಬರಿಗೆ ಒಮ್ಮತ ಮೂಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಾಠ ಸಿದ್ಧಮಾಡಿಕೊಳ್ಳಲು ಆಗುತ್ತಿಲ್ಲ ಎಂಬ ನೆಪ ಹೇಳಿ ನಾನು ಬೇರೆ ಕೋಣೆ ಹಿಡಿದೆ. ಊಟಕ್ಕೆ ಮಾತ್ರ ಹೋಗುತ್ತಿದ್ದೆ. ಆಗಲೂ ಒಬ್ಬರೂ ನನ್ನ ಹತ್ತಿರ ಏನನ್ನೂ ಹೇಳಿಕಳಿಸುತ್ತಿರಲಿಲ್ಲ.

ಆ ಊರು ಬಿಟ್ಟು ಹೊರಡುವ ಮುನ್ನ, ಆ ಚೀಟಿಗೆ ಕಾಗದ ಅಂಟಿಸಿದವರು ಯಾರು ಎಂದು ದೊಡ್ಡಮ್ಮನನ್ನು ಕೇಳಿಯೇಬಿಟ್ಟೆ. “ಹರಿದಿತ್ತು, ಗಂಜಿ ಹಚ್ಚಿ ಅಂಟಿಸ್ದೆ ಕಣೋ” ಎಂದರು. ಮತ್ತೆ ಯಾವುದೂ ಹರಿದಿರಲಿಲ್ಲವೇ ಎಂದೆ. ಅವರು ಒಲೆಯ ಬೆಂಕಿ ಊದಲು ಬಗ್ಗಿದರು. ಮರುವರ್ಷ ಗಂಗುಲಪ್ಪ ಎಳೆಯ ಗಿಣಿಯೊಂದನ್ನು ಪಳಗಿಸಿಕೊಂಡು ಬಂದು ಚೀಟಿ ಕೇಳಿದಾಗ ಇಡೀ ಕಟ್ಟನ್ನು ಕೊಟ್ಟುಬಿಟ್ಟರಂತೆ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಕೇಳಿ ಮುಗಿಸಿದ ಮೇಲೆ ತನ್ನ ಎಲೆಗಳನ್ನು ನನ್ನ ಮುಂದೆ ಹರಡಿ, ಒಂದು ತೆಗೀರಿ ತಾತ ಎಂದಳು. ತೆಗೆದೆ. ಒಂದು ಕಾಲಿಗೆ ಹಗ್ಗ ಕಟ್ಟಿ ಮರಕ್ಕೆ ತಲೆಕೆಳಗಾಗಿ ನೇತುಹಾಕಿದ ಮನುಷ್ಯ. ಅವಳು ಅರ್ಥ ಹೇಳಲು ಪುಸ್ತಕ ಬಿಡಿಸಿದಳು. ಸ್ವಲ್ಪ ತಡಿ ಎಂದೆ. ನನ್ನ ಕಣ್ಣು ಅವನ ಮುಖದ ಮೇಲೆ ಬಿದ್ದಿತ್ತು. ಹಾಗೆ ನೇತಾಡುತ್ತಿದ್ದರೂ ಆ ಮುಖದಲ್ಲಿ ಒಂದಿಷ್ಟೂ ಸಂಕಟವಿಲ್ಲ, ಆರಾಮವಾಗಿದ್ದಾನೆ. ಶ್ರೀನಿವಾಸಪುರದ ಆ ವರ್ಷವನ್ನು ನಾನು ಇಷ್ಟು ದಿನವೂ ನನ್ನ ಪಾಡಿನ ಕಥೆಯೆಂದೇ, ಎಡಕ್ಕೊಬ್ಬರು ಬಲಕ್ಕೊಬ್ಬರು ಎಳೆದ ಪೇಚಾಟವೆಂದೇ ಎಲ್ಲರಿಗೂ ಹೇಳಿ ನಗಿಸಿದ್ದೇನೆ. ಈಗ ನೋಡಿದರೆ, ಆ ಬೇರೆ ಕೋಣೆಗೆ ಹೋದ ಮೊದಲ ಸಂಜೆ, ದಾಟಿಸಲು ಒಂದು ಮಾತೂ ಇಲ್ಲದೆ, ನನಗೆ ಊಟ ಸೇರಿರಲಿಲ್ಲ. ಯಾಕೆಂದು ಆಗ ಯೋಚಿಸಿರಲಿಲ್ಲ.

ಪುಸ್ತಕದಲ್ಲಿ ಬೇರೆ ಏನೋ ಬರೆದಿದೆ ತಾತ ಎಂದಳು ಮೊಮ್ಮಗಳು. ಇರಲಿ, ಆಮೇಲೆ ಓದು ಎಂದೆ. ಎಲೆ ನನ್ನ ಕೈಯಲ್ಲೇ ಇತ್ತು.