ಬಾವಿಯ ಹಗ್ಗವೂ ಕಡಲಿನ ಹಲಗೆಯೂ

ಸವಣೂರಿನ ನಮ್ಮ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗವೊಂದಿದೆ. ಕಳೆದೊಂದು ವರ್ಷ ಅದು ಸರಿಯಾಗಿ ನನ್ನ ಕೊರಳಿನ ಮಟ್ಟಕ್ಕೆ ಬಿಗಿದುಕೊಂಡು ನಿಂತಿತ್ತು. ಬೆಳಗಿನ ಚಹಾದ ಲೋಟ ಹಿಡಿದು, ಪತ್ರಿಕೆಯ ಸಂಪಾದಕೀಯವನ್ನು ಮನಸ್ಸಿನಲ್ಲೇ ಖಂಡಿಸುತ್ತ ಹಿತ್ತಲಿಗೆ ಇಳಿಯುವ ನನ್ನನ್ನು ಅದು ಎಷ್ಟೋ ಸಲ ಖಂಡನೆಯ ನಡುವೆಯೇ ತಡೆದು, ಚಹಾ ಚೆಲ್ಲಿಸಿ, ಕನ್ನಡಕ ಬೀಳಿಸಿ, ನಾನು ಇನ್ನೂ ಲೌಕಿಕದಲ್ಲಿಯೇ ಇದ್ದೇನೆಂಬುದನ್ನು ನೆನಪಿಸಿದೆ. ನನ್ನ ಹೆಂಡತಿಯ ಸೀರೆಗಳಂತೂ ಅದರ ಮೇಲೆ ಒಣಗುವಾಗ ಅರ್ಧ ನೆಲವನ್ನೇ ಗುಡಿಸುತ್ತಿದ್ದವು. ಆದರೂ ಯಾರೂ ಅದನ್ನು ಮೇಲೆ ಕಟ್ಟುವ ಮಾತಾಡಲಿಲ್ಲ. ಅದನ್ನು ಕೆಳಗಿಳಿಸಿದವನು ನಾನೇ, ಇಳಿಸಿದ್ದು ನಮ್ಮಕ್ಕನಿಗಾಗಿ.

ಅಕ್ಕ ನನಗಿಂತ ಆರೇಳು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ನಮ್ಮಲ್ಲಿಯೇ ಇದ್ದಾಳೆ. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಬಲಭುಜದ ಎಲುಬು ಮುರಿದುಕೊಂಡಳು. ಎಲುಬೇನೋ ಕೂಡಿತು, ಕೈ ಮಾತ್ರ ಹೆಗಲಮಟ್ಟದಿಂದ ಮೇಲೇಳಲಿಲ್ಲ, ಬೆನ್ನ ಹಿಂದಕ್ಕಂತೂ ಹೋಗಲೇ ಇಲ್ಲ. ತನ್ನ ತುರುಬನ್ನು ತಾನೇ ಕಟ್ಟಿಕೊಳ್ಳಲಾಗದೆ ದಿನಾ ಬೆಳಿಗ್ಗೆ ನನ್ನ ಹೆಂಡತಿಯ ಮುಂದೆ ಬಾಚಣಿಗೆ ಹಿಡಿದು ಕೂಡುತ್ತಿದ್ದಳು. ಒಮ್ಮೆ, ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿ, "ತಲಿ ಕಟ್ಟಾಕ ಇನ್ನೊಬ್ಬರ ದಾರಿ ಕಾಯೋ ಬಾಳೇವು ಯಾಕ ಬೇಕೋ ತಮ್ಮಾ" ಎಂದಳು. ಅವಳ ದನಿಯಲ್ಲಿ ಅಂಥ ಸೋಲನ್ನು ನಾನು ಹಿಂದೆ ಕೇಳಿರಲಿಲ್ಲ. ಅಂದು ಸಂಜೆಯೇ ಹಗ್ಗವನ್ನು ಇಳಿಸಿ ಕಟ್ಟಿದೆ. ಒಂದು ಟವೆಲನ್ನಾದರೂ ಅವಳು ತಾನಾಗಿ ಒಣಹಾಕಲಿ ಎಂದು. ಅಡುಗೆಮನೆಯ ಡಬ್ಬಿಗಳನ್ನೂ ದೇವರ ಪಟಗಳನ್ನೂ ಕ್ರಮೇಣ ಇಳಿಸಿದೆವು. ನಮ್ಮ ಮನೆಯಲ್ಲಿ ಸಕಲ ವಸ್ತುಗಳೂ ಹೀಗೆ ಅವನತಿ ಹೊಂದಿದವು.

ಈ ಹಗ್ಗಕ್ಕೆ ಪೂರ್ವಾಶ್ರಮವೊಂದಿದೆ, ಅದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅದು ನಮ್ಮ ಎಲೆತೋಟದ ಬಾವಿಯ ಹಗ್ಗ. ನಮ್ಮ ಕಡೆ ಈಜು ಕಲಿಯುವವರ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ನಡುವಿಗೆ ಹಗ್ಗ ಬಿಗಿದು, ಅದರ ತುದಿಯನ್ನು ಹಿರಿಯರೊಬ್ಬರು ಬಾವಿಯ ಕಟ್ಟೆಯ ಮೇಲೆ ಹಿಡಿದು ನಿಲ್ಲುತ್ತಿದ್ದರು. ತಲೆ ಮುಳುಗಿತೋ, ಎಳೆಯಬೇಕು. ಇದು ಮೊದಲ ನಿಯಮ. ಕಲಿಯುವವನು ಎಷ್ಟೇ ಅರಚಿದರೂ ಹಗ್ಗ ಬಿಡಬಾರದು, ಇದು ಎರಡನೆಯದು. ಗಂಟನ್ನು ಬೇಕೆಂದೇ ಬೆನ್ನ ಹಿಂದೆ ಹಾಕುತ್ತಿದ್ದರು, ಹೆದರಿದ ಕೈಗೆ ಅದು ಸಿಗಬಾರದೆಂದು. ನೀರಿನಲ್ಲಿ ತೇಲುತ್ತಲೇ ಎರಡೂ ಕೈ ಹಿಂದಕ್ಕೊಯ್ದು ಯಾವಾಗ ಅದನ್ನು ತಾನೇ ಬಿಚ್ಚುತ್ತಾನೋ ಅಂದು ಅವನಿಗೆ ಈಜು ಬಂದಂತೆ. ಅಂದು ಬಾವಿಯ ಮೇಲೆ ನೆರೆದವರಿಗೆಲ್ಲ ಮಂಡಕ್ಕಿ ಮತ್ತು ನಮ್ಮೂರ ಹೆಸರುವಾಸಿ ಕುರುಕಲು ಖಾರ ಹಂಚುತ್ತಿದ್ದರು. ನನ್ನ ಹಗ್ಗ ಹಿಡಿದವಳು ಅಕ್ಕ. ಅವಳು ಲಂಗ ಎತ್ತಿ ಕಟ್ಟಿ ಕಟ್ಟೆಯ ಮೇಲೆ ನಿಂತರೆ ತೋಟದ ಆಳುಗಳೂ ಮಾತು ನಿಲ್ಲಿಸುತ್ತಿದ್ದರು. ನಾನು ಗಂಟು ಬಿಚ್ಚಲು ತೆಗೆದುಕೊಂಡ ಕಾಲದಲ್ಲಿ ಉಳಿದವರು ಈಜು ಕಲಿತು, ಮರೆತು, ಮದುವೆಯನ್ನೂ ಮಾಡಿಕೊಂಡರೆಂದು ನಮ್ಮ ಮನೆಯಲ್ಲಿ ಈಗಲೂ ನಗುತ್ತಾರೆ.

ಅಕ್ಕನ ಮಗಳು ಶೈಲಾ ಕುಮಟೆಯ ಕಡೆ ಒಂದು ಶಾಲೆಯಲ್ಲಿ ಆಟದ ಟೀಚರು. ಕಡಲ ಪಕ್ಕದಲ್ಲಿದ್ದು ಸುಮ್ಮನಿರಲಾರದೆ ಸರ್ಫಿಂಗ್ ಕಲಿತಿದ್ದಾಳೆ. ಎಂದರೆ, ಉದ್ದನೆಯ ಹಲಗೆಯೊಂದರ ಮೇಲೆ ನಿಂತು ಅಲೆಯ ಬೆನ್ನೇರಿ ದಡಕ್ಕೆ ಬರುವ ವಿದ್ಯೆ. ಚಳಿಗಾಲದ ರಜೆಗೆ ಬಂದವಳು ಕೊರಳಮಟ್ಟದ ಹಗ್ಗವನ್ನೂ ತಾಯಿಯ ಕೈಯನ್ನೂ ನೋಡಿ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. "ಎಲುಬು ಕೂಡಿ ಯಾವಾಗೋ ಆತು ಮಾಮಾ. ಡಾಕ್ಟರೂ ಈಜಸ್ರಿ ಅಂದಾರ. ಅವ್ವ ಕೈ ಎತ್ತಾಕ ಅಂಜಾಕತ್ತಾಳ, ಅಷ್ಟ. ನೀವು ನೋಡಿದ್ರ ಮನಿನ ಕೆಳಗ ಇಳಿಸಾಕತ್ತೀರಿ." ಬಾವಿಯಲ್ಲಿ ಈಗ ನೀರಿಗಿಂತ ಹೂಳೇ ಹೆಚ್ಚು, ಆದ್ದರಿಂದ ಅವ್ವನನ್ನು ಕಡಲಿಗೆ ಒಯ್ಯುತ್ತೇನೆ, ಹಲಗೆಯ ಮೇಲೆ ಮಲಗಿ ಎರಡೂ ಕೈಯಿಂದ ನೀರು ತೋಡಿದರೆ ಭುಜ ತಾನಾಗಿ ಸಡಿಲಾಗುತ್ತದೆ ಎಂದು ತೀರ್ಪು ಕೊಟ್ಟಳು. ಅಕ್ಕ ಬೇಡವೆನ್ನಲಿಲ್ಲ. ಬೇಡವೆಂದವನು ನಾನೊಬ್ಬನೇ, ಆದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ.

ಮುಂದಿನ ಕೆಲವು ದಿನ ನಮ್ಮ ಪಡಸಾಲೆಯಲ್ಲಿ ಸಲಕರಣೆಗಳ ಮೀಮಾಂಸೆ ನಡೆಯಿತು. ಶೈಲಾ ಫೋನಿನಲ್ಲಿ ಚಿತ್ರ ತೋರಿಸುತ್ತ ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಇಷ್ಟು: ಎತ್ತರದ ಅಲೆಗೆ ಚಿಕ್ಕದಾದ ಚೂಪು ಹಲಗೆ, ಅದು ಪಳಗಿದವರಿಗೆ, ಚಳಿಗಾಲದ ಸಣ್ಣ ಅಲೆಗೂ ಹೊಸಬರಿಗೂ ಉದ್ದವಾದ, ಅಗಲವಾದ, ತಲೆಗೆ ಬಡಿದರೂ ನೋಯದ ಮೆತ್ತನೆಯ ಹಲಗೆ, ಅಲೆಯೇ ಇಲ್ಲದ ಕೆರೆಗೆ ಹುಟ್ಟು ಹಾಕುತ್ತ ನಿಲ್ಲುವ ಬೇರೆಯದೇ ದಪ್ಪ ಹಲಗೆ. ಮಳೆಗಾಲದ ಕಡಲಿಗೆ ಯಾವ ಹಲಗೆಯೂ ಅಲ್ಲ, ಮನೆಯ ಮಂಚವೇ ಸರಿ. ಹಲಗೆಯ ಅಡಿಯಲ್ಲಿ ಮೀನಿನ ರೆಕ್ಕೆಯಂಥವು ಇರುತ್ತವೆ, ದಿಕ್ಕು ತಪ್ಪದಿರಲು. ಮೇಲೆ ಮೇಣ ತಿಕ್ಕಬೇಕು. ತಣ್ಣನೆಯ ನೀರಿಗೆ ಮೆದು ಮೇಣ, ನಮ್ಮ ಬೆಚ್ಚನೆಯ ಕಡಲಿಗೆ ಗಟ್ಟಿ ಮೇಣ. ಮೇಣವೆಂದರೆ ಜಾರಿಸುವುದಕ್ಕೆಂದು ಇಷ್ಟು ವರ್ಷ ನಂಬಿದ್ದ ನನಗೆ ಇದು ಜಾರದಿರುವುದಕ್ಕೆಂದು ತಿಳಿದಾಗ ನನ್ನ ಜ್ಞಾನದ ಬುಡವೇ ತುಸು ಅಲುಗಿತು.

ನಾನೂ ಬಿಡಲಿಲ್ಲ. ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು, ರಟ್ಟೀಹಳ್ಳಿ ಎಂದು ಸುತ್ತಮುತ್ತಲಿನ ಕಾಲೇಜುಗಳಲ್ಲೆಲ್ಲ ಪಾಠ ಹೇಳಿ ನಿವೃತ್ತನಾದವನು ನಾನು. ಆ ಊರುಗಳ ಕೆರೆ ಹೊಳೆಗಳನ್ನೆಲ್ಲ ಬಲ್ಲೆ, ಮೊಣಕಾಲಿನವರೆಗೆ. ನಮ್ಮವರಿಗೂ ನೀರಿಗೆ ತಕ್ಕ ಸಲಕರಣೆ ಗೊತ್ತಿತ್ತೆಂದು ಭಾಷಣ ಮಾಡಿದೆ: ಬಾವಿಗೆ ಸೋರೆಬುರುಡೆ, ಅದು ಸಿಗದಿದ್ದರೆ ಬಾಯಿ ಮುಚ್ಚಿದ ಎಣ್ಣೆ ಡಬ್ಬಿ, ಕೆರೆಗೆ ಬಾಳೆದಿಂಡು, ಆಮೇಲಾಮೇಲೆ ಲಾರಿಯ ಟ್ಯೂಬು, ತುಂಬಿದ ವರದಾ ಹೊಳೆಗೆ ದೂರದ ನಮಸ್ಕಾರ. ಶೈಲಾ ತಾಳ್ಮೆಯಿಂದ ಕೇಳಿದಳು. ಹಲಗೆಗೂ ಕಾಲಿಗೂ ನಡುವೆ ಕಟ್ಟುವ ಬಳ್ಳಿಯನ್ನು ಅವಳು ತೋರಿಸಿದಾಗ ಮಾತ್ರ ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ತೆಳ್ಳನೆಯ ಬಳ್ಳಿ ಕಾಲಿಗೆ ಕಟ್ಟಿಕೊಂಡು ಹಲಗೆಯ ಜೊತೆಯೇ ಹೋಗುವುದಾದರೆ, ದಡದ ಮೇಲೆ ಹಿಡಿಯುವವರು ಯಾರು? ಮನುಷ್ಯರು ಹಿಡಿಯದ ಹಗ್ಗ ಎಂಥ ಹಗ್ಗ?

ಕುಮಟೆಗೆ ಹೋಗುವ ದಾರಿಯಲ್ಲಿ, ನಿಂತ ನೀರಿನ ಮೇಲೆ ಒಮ್ಮೆ ನೋಡೋಣವೆಂದು ಹಾನಗಲ್ಲಿನ ಕೆರೆಯ ಹತ್ತಿರ ನಿಂತೆವು. ಗಾಡಿಯ ತಲೆಯ ಮೇಲಿಂದ, ಶೈಲಾ ತರಿಸಿದ್ದ ಮೆತ್ತನೆಯ ಹಲಗೆ ಇಳಿಸುತ್ತಿದ್ದಂತೆ ದಂಡೆಯಲ್ಲಿ ಎಮ್ಮೆ ತೊಳೆಯುತ್ತಿದ್ದ ಹಿರಿಯರೊಬ್ಬರು ಬಂದು, ಅದನ್ನು ಬೆರಳಿನಿಂದ ಒತ್ತಿ ನೋಡಿ, "ಇಸ್ತ್ರಿ ಮಾಡೋ ಹಲಗೀನ್ರಿ?" ಎಂದರು. ಇಲ್ಲ, ಇದರ ಮೇಲೆ ಮಲಗಿ ನೀರಿನಲ್ಲಿ ಹೋಗುವುದು ಎಂದೆ. "ಯಾರು, ನೀವ?" ಎಂದು ನನ್ನ ಹೊಟ್ಟೆಯನ್ನೊಮ್ಮೆ ನೋಡಿದರು. ಅಕ್ಕನನ್ನು ತೋರಿಸಿದೆ. ಅವರು ಎಮ್ಮೆಯನ್ನು ಪಕ್ಕಕ್ಕೆ ಎಳೆದುಕೊಂಡರು. ಅಕ್ಕ ಹಲಗೆಯ ಮೇಲೆ ಬೋರಲಾಗಿ ಮಲಗಿದಳು, ಎಡಗೈಯಿಂದ ನೀರು ತೋಡಿದಳು. ಬಲಗೈ ಮಾತ್ರ ಹಲಗೆಯ ಅಂಚನ್ನು ಬಿಡಲಿಲ್ಲ. ಒಂದೇ ಕಡೆ ತೋಡಿದರೆ ಏನಾಗಬೇಕೋ ಅದೇ ಆಯಿತು: ಹಲಗೆ ಮುಂದೆ ಹೋಗದೆ ಗಾಣದೆತ್ತಿನಂತೆ ಇದ್ದಲ್ಲೇ ಸುತ್ತಿತು. ಶೈಲಾ "ಇನ್ನೊಂದ್ ಕೈ, ಅವ್ವಾ" ಎನ್ನುತ್ತಲೇ ಇದ್ದಳು. ಅಕ್ಕ ದಂಡೆಗೆ ಬಂದು ಎಡಗೈಯಿಂದಲೇ ತಲೆ ಒರೆಸಿಕೊಂಡಳು. ನನಗೆ ಅಲ್ಲಿಯೇ ಹೆದರಿಕೆ ಹತ್ತಿತು. ಆದರೆ ಅದಕ್ಕೆ ನಾನು ಸಿದ್ಧನಾಗಿಯೇ ಬಂದಿದ್ದೆ. ಹೊರಡುವ ಮೊದಲು ಹಿತ್ತಲಿನ ಹಗ್ಗವನ್ನು ಬಿಚ್ಚಿ ಚೀಲದ ತಳದಲ್ಲಿ, ಖಾರದ ಪೊಟ್ಟಣದ ಕೆಳಗೆ ಇಟ್ಟುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಕಡಲು ಶಾಂತವಾಗಿತ್ತು, ಅಂದರೆ ಶೈಲಾಳ ಪ್ರಕಾರ. ನನ್ನ ಕಣ್ಣಿಗೆ ಅದು ಯಾರ ಮಾತನ್ನೂ ಕೇಳುವ ಹಾಗೆ ಕಾಣಲಿಲ್ಲ. ನಾನು ಹಗ್ಗ ತೆಗೆದದ್ದನ್ನು ನೋಡಿ ಶೈಲಾ ಹಣೆ ಹಣೆ ಚಚ್ಚಿಕೊಂಡಳು. ಆದರೆ ಅಕ್ಕನಿಗೂ ಒಳಗೊಳಗೇ ಅದು ಬೇಕಾಗಿತ್ತು. "ಇರಲಿ ಬಿಡ ಶೈಲಾ, ಅವಂಗೂ ಸಮಾಧಾನ ಆಕ್ಕೈತಿ" ಎಂದು ನನ್ನ ಕಡೆ ಬೆನ್ನು ತಿರುಗಿಸಿ ನಿಂತಳು. ಹಿಂದೆ ಅವಳು ನನಗೆ ಕಟ್ಟುತ್ತಿದ್ದಂತೆಯೇ ನಡುವಿಗೆ ಸುತ್ತಿ ಬೆನ್ನ ಹಿಂದೆ ಗಂಟು ಹಾಕಿದೆ. ಪ್ಯಾಂಟು ಮಡಿಚಿ, ಮೊಣಕಾಲಿನ ನೀರಿನಲ್ಲಿ, ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡು ನಿಂತೆ. ಆ ಗಳಿಗೆಯಲ್ಲಿ ನನಗೆ ನನ್ನ ಬಗ್ಗೆ ಬಹಳ ಗೌರವವಿತ್ತು.

ಮೊದಲ ಅಲೆಗೆ ಎಲ್ಲ ಸರಿಹೋಯಿತು. ಎದೆಮಟ್ಟದ ನೀರಿನಿಂದ ಶೈಲಾ ನೂಕಿದಳು, ಅಕ್ಕ ಮಲಗಿದಲ್ಲೇ ನನ್ನ ಕಡೆ ಜಾರಿ ಬಂದಳು. ಎರಡನೆಯದಕ್ಕೆ ಮೊಣಕಾಲೂರಿ ಏಳಲು ಹೋಗಿ ಆಯ ತಪ್ಪಿದಳು. ನೊರೆಯಲ್ಲಿ ತಲೆ ಮುಳುಗಿತು. ತಲೆ ಮುಳುಗಿದರೆ ಎಳೆಯಬೇಕು, ಎಳೆದೆ. ಬಾವಿಯ ನೀರು ಇದ್ದಲ್ಲೇ ಇರುತ್ತದೆ, ಎಳೆದರೆ ಮನುಷ್ಯ ಮೇಲೆ ಬರುತ್ತಾನೆ. ಕಡಲಿನಲ್ಲಿ ಅಲೆ ಹಿಂದೆ ಸರಿಯುತ್ತ ಹಲಗೆಯನ್ನೂ, ಹಲಗೆಗೆ ಕಟ್ಟಿದ ಅಕ್ಕನ ಕಾಲನ್ನೂ ಒಳಕ್ಕೆ ಒಯ್ಯುತ್ತಿತ್ತು, ನಾನು ನಡುವನ್ನು ಹೊರಕ್ಕೆ ಎಳೆಯುತ್ತಿದ್ದೆ. ಏಳಲು ಹೋದಾಗಲೆಲ್ಲ ನನ್ನ ಎಳೆತಕ್ಕೆ ಅವಳು ಮುಗ್ಗರಿಸಿ ಮತ್ತೆ ನೀರಿಗೆ ಬೀಳುತ್ತಿದ್ದಳು. "ಹಗ್ಗ ಬಿಡ್ರಿ ಮಾಮಾ, ಬಿಡ್ರಿ" ಎಂದು ಶೈಲಾ ಕೂಗುತ್ತ ನೀರು ಸೀಳಿಕೊಂಡು ಬರುತ್ತಿದ್ದಳು. ಕೇಳಿಸಲಿಲ್ಲವೆಂದಲ್ಲ. ಅರಚಿದರೂ ಬಿಡಬಾರದೆಂದು ಎಳವೆಯಲ್ಲಿ ಕಲಿತ ಪಾಠ ಬುದ್ಧಿಯಿಂದ ಎಂದೋ ಅಳಿಸಿ ಹೋಗಿದ್ದರೂ ಮುಷ್ಟಿಯಲ್ಲಿ ಗಟ್ಟಿಯಾಗಿ ಉಳಿದಿತ್ತು. ನಾನು ಇನ್ನೂ ಬಲವಾಗಿ ಎಳೆದೆ.

ಥಟ್ಟನೆ ಹಗ್ಗ ಸಡಿಲಾಯಿತು. ನಾನು ಹಿಂದಕ್ಕೆ ಕುಕ್ಕರಿಸಿ ಬಿದ್ದೆ. ಬಾಯಿ ತುಂಬ ಉಪ್ಪುನೀರು, ಕೈಯಲ್ಲಿ ಬರಿಯ ಹಗ್ಗ. ಹರಿದುಹೋಯಿತು, ಅಕ್ಕ ಹೋದಳು ಎಂದುಕೊಂಡೆ. ಅಂಥ ಭಯ ನನ್ನ ಆಯುಷ್ಯದಲ್ಲಿ ಇನ್ನೊಮ್ಮೆ ಬರುವುದು ಬೇಡ. ಎದ್ದು ನೋಡಿದರೆ ನೊರೆಯ ಮೇಲೆ ಹಲಗೆಯ ಮೂತಿ ಕಂಡಿತು, ಆಮೇಲೆ ಹಲಗೆ, ಅದರ ಹಿಂದೆ ನಾನು ನಕ್ಕಿದ್ದ ಆ ಬಳ್ಳಿ, ಬಳ್ಳಿಯ ಕೊನೆಗೆ ಅಕ್ಕ. ಬಳ್ಳಿಯನ್ನು ಎಳೆದು ಹಲಗೆಯನ್ನು ಹತ್ತಿರ ತಂದುಕೊಂಡು, ಅದರ ಮೇಲೆ ಎದೆಯೂರಿ, ಉಸಿರು ತಿರುಗಿದ ಕೂಡಲೇ ಅವಳು ಮಾಡಿದ ಮೊದಲ ಕೆಲಸ ನನ್ನನ್ನು ಬೈದದ್ದು. "ಕೊಲ್ಲಾಕ ನಿಂತಿದ್ದೇನೋ ಹುಚ್ಚಪ್ಪಾ? ಒಂದ್ ಸಲ ಎಳದ್ರ ತಿಳೀಲಿಲ್ಲ, ಮತ್ತ ಮತ್ತ ಎಳೀತಿಯಲ್ಲ." ಅಷ್ಟು ಮಧುರವಾದ ಬೈಗುಳವನ್ನು ನಾನು ಕೇಳಿಯೇ ಇಲ್ಲ. ಅದನ್ನು ಕೇಳುತ್ತ ಅಲ್ಲೇ ನೀರಿನಲ್ಲಿ ಕೂತುಬಿಟ್ಟೆ.

ಅಷ್ಟರಲ್ಲಿ ಬಂದು ತಲುಪಿದ ಶೈಲಾ ತಾಯಿಯನ್ನೇ ನೋಡುತ್ತ ನಿಂತಳು. ಅವಳ ಕಣ್ಣು ಹೋದಲ್ಲಿ ನನ್ನದೂ ಹೋಯಿತು. ಅಕ್ಕ ಎದ್ದು ನಿಂತು, ಬೈಯುತ್ತ ಬೈಯುತ್ತಲೇ, ಬಿಚ್ಚಿ ಮುಖಕ್ಕೆ ಅಂಟಿದ್ದ ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ತಳ್ಳಿ, ಹಿಂಡಿ, ಸುತ್ತಿ ತುರುಬು ಕಟ್ಟುತ್ತಿದ್ದಳು. ಎರಡೂ ಮೊಣಕೈ ಆಕಾಶದ ಕಡೆಗಿದ್ದವು. ನಾನು ಹಗ್ಗದ ತುದಿ ನೋಡಿದೆ. ಅದು ಹರಿದಿರಲಿಲ್ಲ. ಬೆನ್ನ ಹಿಂದಿನ ಗಂಟನ್ನು ಅವಳೇ ಬಿಚ್ಚಿದ್ದಳು.

"ಅವ್ವಾ, ಕೈ" ಎಂದಳು ಶೈಲಾ, ಮೆಲ್ಲಗೆ. ಅಕ್ಕ ತನ್ನ ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. ಒಮ್ಮೆ ಇಳಿಸಿದಳು, ಮತ್ತೆ ಎತ್ತಿದಳು. "ನೋಯ್ತೈತಿ" ಎಂದಳು, "ಆದ್ರೂ ಏಳತೈತಿ." ತಾಯಿ ಮಗಳಿಬ್ಬರೂ ಅತ್ತರು. ನನ್ನ ಕಣ್ಣಲ್ಲಿದ್ದದ್ದು ಕಡಲ ನೀರೆಂದು ಆಗ ಹೇಳಿದ್ದೆ, ನಿಮ್ಮ ಮುಂದೆ ಹಾಗೆ ಹೇಳುವ ಅಗತ್ಯವಿಲ್ಲ. ಆಮೇಲೆ ಮರಳಿನ ಮೇಲೆ ಕುಳಿತು, ಕಡಲ ಗಾಳಿಗೆ ಮೆತ್ತಗಾಗಿದ್ದ ಸವಣೂರಿನ ಖಾರವನ್ನು ಪದ್ಧತಿಯಂತೆ ಹಂಚಿಕೊಂಡು ತಿಂದೆವು. ಬಲೆ ಒಣಗಿಸುತ್ತಿದ್ದ ಹೆಂಗಸರಿಗೂ ಕೊಟ್ಟೆವು. ಯಾತಕ್ಕೆಂದು ಅವರು ಕೇಳಿದಾಗ ಅಕ್ಕ, "ನನಗ ಈಜು ಬಂತ್ರಿ" ಎಂದಳು.

ಅವಳು ಅಂದು ಹಲಗೆಯ ಮೇಲೆ ನಿಂತಳೇ ಎಂದು ನೀವು ಕೇಳಬಹುದು. ಇಲ್ಲ, ಮೊಣಕಾಲಿನವರೆಗೆ ಎದ್ದಳು, ಅಷ್ಟೇ. ಆದರೆ ಬರುವಾಗ ಹಾನಗಲ್ಲಿನ ಕೆರೆಯಲ್ಲಿ ಮತ್ತೆ ಹಲಗೆ ಇಳಿಸಿದಾಗ ಅದು ಸುತ್ತಲಿಲ್ಲ, ತುಸು ವಾರೆಯಾಗಿಯಾದರೂ ಮುಂದೆ ಹೋಯಿತು. ನನಗೋ, ಯಾವ ನೀರಿಗೆ ಯಾವ ಸಲಕರಣೆ ಎಂದು ಶೈಲಾ ಕಲಿಸಿದ್ದರಲ್ಲಿ ಈಗ ನೆನಪಿರುವುದು ಒಂದೇ. ಹಿಡಿಯುವ ಹಗ್ಗಕ್ಕೂ ಒಂದು ನೀರಿದೆ, ಎಲ್ಲ ನೀರಿಗೂ ಅದು ಸಲ್ಲುವುದಿಲ್ಲ. ನಾನು ಪ್ರೀತಿಯಿಂದ ಇಳಿಸಿದ್ದೂ ಪ್ರೀತಿಯಿಂದ ಎಳೆದದ್ದೂ ಅದೇ ಹಗ್ಗವನ್ನು.

ಊರಿಗೆ ಬಂದ ಮರುದಿನ ಅಕ್ಕ ನನ್ನ ಕೈಯಿಂದ ಹಗ್ಗ ಕಸಿದುಕೊಂಡು, ಹಿತ್ತಲಿನ ಕಂಬದ ಹಳೆಯ ಮೊಳೆಗೆ, ಅಂದರೆ ಮೊದಲಿದ್ದ ಎತ್ತರಕ್ಕೇ, ತಾನೇ ಕೈ ಚಾಚಿ ಕಟ್ಟಿದಳು. ನೋವಿಗೆ ಹಲ್ಲು ಕಚ್ಚಿದ್ದು ಕಾಣುತ್ತಿತ್ತು. ನೆರವಿಗೆ ಹೋಗಬೇಕೆನಿಸಿತು, ಹೋಗಲಿಲ್ಲ. ಈಗ ನನ್ನ ಹೆಂಡತಿಯ ಸೀರೆಗಳು ನೆಲ ಗುಡಿಸುವುದಿಲ್ಲ. ಇಂದು ಬೆಳಿಗ್ಗೆ ಚಹಾದ ಲೋಟ ಹಿಡಿದು ಹಿತ್ತಲಿಗೆ ಇಳಿದಾಗ ಹಗ್ಗ ನನ್ನ ತಲೆಯಿಂದ ಒಂದು ಗೇಣು ಮೇಲಿತ್ತು; ಆದರೂ ನಾನು ಅದರ ಕೆಳಗೆ ತಲೆ ಬಗ್ಗಿಸಿಯೇ ದಾಟಿದೆ.