ತಮ್ಮಣ್ಣ ಕಾಕಾನ ಶಾಯಿ

ತಮ್ಮಣ್ಣ ಕಾಕಾನ ಕೈಗೆ ಯಾವ ಕಾಗದ ಕೊಟ್ಟರೂ ಅವರು ಅದನ್ನು ಮೊದಲು ಓದುತ್ತಿರಲಿಲ್ಲ. ಕಿಟಕಿಯ ಹತ್ತಿರ ಹೋಗಿ, ಬೆಳಕಿಗೆ ಓರೆಯಾಗಿ ಹಿಡಿದು, ಅಕ್ಷರಗಳ ಶಾಯಿಯನ್ನು ನೋಡುತ್ತಿದ್ದರು. ಹುಬ್ಬಳ್ಳಿಯಲ್ಲಿದ್ದ ಮಗಳು ಪದ್ಮಾ ಗಂಡುಮಗು ಹೆತ್ತ ಸುದ್ದಿ ಬಂದ ದಿನವೂ ಹಾಗೆಯೇ ಆಯಿತು. "ಯಾರೋ ಶಾಯ್ಯಾಗ ನೀರು ಬೆರಸ್ಯಾರ" ಎಂದು ಗೊಣಗಿದರು. ಆಮೇಲೆ ಒಕ್ಕಣೆ ಓದಿದರು. ಓದಿದವರೇ ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿಕೊಂಡು ನಮ್ಮ ಬಾಗಿಲಿಗೆ ಓಡಿಬಂದು ನನ್ನ ಅವ್ವನನ್ನು ಕೂಗಿದರು. "ವೈನಿ, ನಾ ಅಜ್ಜ ಆದ್ನಿರಿ!"

ಕಾಕಾ ಎಂದರೆ ನಮಗೆ ರಕ್ತಸಂಬಂಧವೇನಲ್ಲ. ಮರಾಠಿ ಊರಿನ ಸದಾಶಿವ ಪೇಠೆಯ ಆ ವಾಡೆಯಲ್ಲಿ, ಒಂದೇ ಅಂಗಳದ ಸುತ್ತ, ಒಂಬತ್ತು ಬಿಡಾರಗಳಿದ್ದವು. ಕನ್ನಡದ ಮನೆಗಳು ಎರಡೇ: ಅಂಗಳದ ಕಡೆ ನಮ್ಮದು, ಹಿಂದೆ ಬಾವಿಯ ಪಕ್ಕ ಅವರದು. ಅಪ್ಪ ಧಾರವಾಡದ ಕಡೆಯವರು, ಸರಕಾರಿ ಕಚೇರಿಯಲ್ಲಿ ಕಾರಕೂನರು. ಕಾಕಾ ಬಾಗಲಕೋಟೆಯ ಕಡೆಯವರು. ಒಂದು ಕಾಲೇಜಿನ ರಸಾಯನ ಪ್ರಯೋಗಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಗಾಜಿನ ಸೀಸೆಗಳನ್ನು ತೊಳೆದು, ತುಂಬಿ, ಪ್ರೊಫೆಸರರ ಕೈಗೆ ಕೊಟ್ಟು ನಿವೃತ್ತರಾದವರು. ಹೆಂಡತಿ ತೀರಿಹೋಗಿದ್ದರು. ಒಬ್ಬರೇ ಇದ್ದು ಶಾಯಿ ಮಾಡುತ್ತಿದ್ದರು.

ಅವರ ಪಡಸಾಲೆಗೆ ಕಾಲಿಟ್ಟರೆ ಲವಂಗದ ವಾಸನೆ. ಶಾಯಿಗೆ ಬೂಸಲು ಹಿಡಿಯಬಾರದೆಂದು ನಾಲ್ಕು ಲವಂಗ ಹಾಕುತ್ತಿದ್ದರು. ಮಾಚಿಕಾಯಿಯನ್ನು ತರಿತರಿಯಾಗಿ ಕುಟ್ಟಿ, ಮಣ್ಣಿನ ಗಡಿಗೆಯಲ್ಲಿ ವಾರಗಟ್ಟಲೆ ನೆನೆಹಾಕಿ, ಹಳೆಯ ಮಲ್ಲಿನ ಧೋತರದಲ್ಲಿ ಮೂರು ಸಲ ಸೋಸುವರು. ಆಮೇಲೆ ಕಬ್ಬಿಣದ ಉಪ್ಪಾದ ಅನ್ನಭೇದಿಯ ಹಸಿರು ಹರಳುಗಳನ್ನು ಕರಗಿಸಿ ಬೆರೆಸುವರು. ಅದ್ದಿ ಬರೆಯುವ ಟಾಕಿನ ಶಾಯಿಗಾದರೆ ಜಾಲಿಯ ಅಂಟು ಸೇರಿಸುತ್ತಿದ್ದರು. ಆದರೆ ಆಗ ಊರಲ್ಲಿ ಫೌಂಟನ್ ಪೆನ್ನು ಹೆಚ್ಚುತ್ತಿತ್ತು. ಅಂಟಿನ ಶಾಯಿ ಹಾಕಿದರೆ ಪೆನ್ನಿನ ಗಂಟಲು ಕಟ್ಟುತ್ತದೆ. ಅಂಟಿಲ್ಲದ, ಗಸಿ ಕೂಡದ ಪೆನ್ನಿನ ಶಾಯಿ ಮಾಡಬೇಕೆಂಬುದು ಅವರ ಹಟ.

ಆ ಶಾಯಿಯ ಸ್ವಭಾವವೇ ಬೇರೆ. ಬರೆಯುವಾಗ ತೆಳ್ಳನೆಯ ಚಹಾದಂತೆ ಇರುತ್ತದೆ. ಗಾಳಿ ತಾಕಿ ಒಣಗುತ್ತ ಹೋದಂತೆ ಕಪ್ಪೇರುತ್ತದೆ. ಇದು ಗೊತ್ತಿಲ್ಲದೆ ವಾಡೆಯ ಮಾಲಕಿ ಕಾಕೂ ಒಂದು ಮುಂಜಾನೆ ಅವರ ಸೀಸೆಯಿಂದ ಕಿರಾಣಿಯ ಯಾದಿ ಬರೆದಳು. ಅಕ್ಷರವೇ ಕಾಣಲಿಲ್ಲ. ಸಿಟ್ಟಿನಿಂದ ಟಾಕು ಝಾಡಿಸಿ, ಸೀಸೆ ಹಿಡಿದುಕೊಂಡು ಬಂದಳು. "ಅಹೋ, ಹೀ ಶಾಈ ಆಹೇ ಕೀ ಪಾಣೀ?"

ಶಾಯಿಯೋ ನೀರೋ ಎಂಬ ಆ ಪ್ರಶ್ನೆಗೆ ಕಾಕಾ ಶಾಂತವಾಗಿ, "ಸಂಧ್ಯಾಕಾಳೀ ಬಘಾ, ಕಾಕೂ" ಎಂದರು. ಸಂಜೆ ನೋಡಿ ಎಂದರ್ಥ. ಸಂಜೆ ಯಾದಿಯಲ್ಲಿ ಬೆಲ್ಲ, ತೊಗರಿಬೇಳೆ, ಇಂಗು ಎಲ್ಲವೂ ಕಪ್ಪಗೆ ಎದ್ದು ಬಂದಿದ್ದವು. ಮುಂಜಾನೆ ಝಾಡಿಸಿದ ಹನಿಗಳೂ ಅವಳ ಹಳದಿ ಸೀರೆಯ ತುಂಬ ಎದ್ದಿದ್ದವು. ಅವಳು ಕಿರುಚುವ ಮೊದಲೇ ಕಾಕಾ ಎರಡು ನಿಂಬೆಹಣ್ಣು, ಒಂದು ಹಿಡಿ ಉಪ್ಪು ತೆಗೆದುಕೊಂಡು ಅವಳ ಬಾಗಿಲಲ್ಲಿ ನಿಂತಿದ್ದರು. ಕಲೆಗಳು ಹೋದವು. ಅವಳು ಮಾತು ಬಿಟ್ಟದ್ದು ಮಾತ್ರ ಹದಿನೈದು ದಿನ.

ಅದರಿಂದಲೇ ಅವರಿಗೆ ಹೊಸ ಯೋಚನೆ ಬಂತು. ಪೆನ್ನಿನ ಶಾಯಿಗೆ ಒಂದಿಷ್ಟು ನೀಲಿ ಬೆರೆಸಿದರು. ಬರೆದಾಗ ನೀಲಿಯಾಗಿ ಕಾಣುವುದು, ನಾಲ್ಕಾರು ದಿನಗಳಲ್ಲಿ ಕಪ್ಪಾಗುವುದು. "ನೀಲಿ ಇವತ್ತಿಗೆ, ಕರಿ ನಾಳಿಗೆ" ಎಂದು ಅವರು ಖುಷಿಯಿಂದ ಹೇಳುತ್ತಿದ್ದರು.

ನಾನು ಮೆಟ್ರಿಕ್ ಪಾಸಾದ ದಿನ ಆ ನೀಲಿ ಶಾಯಿಯ ಮೊದಲನೆಯ ಸೀಸೆಯನ್ನು ನನಗೆ ತಂದುಕೊಟ್ಟರು. ಅಪ್ಪ ತೀರಿಕೊಂಡು ಆಗ ಆರು ತಿಂಗಳಾಗಿತ್ತು. "ಸುಶೀ, ನಿಮ್ಮಪ್ಪನ ಪೆನ್ನಿಗೆ ಇದನ್ನ ಹಾಕು. ಮಾಸ್ತರಣಿ ಆಗೂ ಅರ್ಜಿ ಇದರಿಂದನೇ ಬರಿ" ಎಂದರು. ನಾನು ಶಿಕ್ಷಕಿಯರ ತರಬೇತಿ ಕಾಲೇಜಿಗೆ ಸೇರಬೇಕೆಂಬುದು ಅಪ್ಪನ ಆಸೆ. ಕಾಯಿಲೆಯ ಹಾಸಿಗೆಯಲ್ಲೂ ಅದನ್ನೇ ಹೇಳುತ್ತಿದ್ದರು. ಅವರ ಪೆನ್ನಿನಲ್ಲಿ ಆ ಶಾಯಿಯಿಂದಲೇ ಅರ್ಜಿ ಬರೆದು ಕಳಿಸಿದೆ.

ಎರಡು ವಾರಗಳಲ್ಲಿ ಊರಿನಿಂದ ದೊಡ್ಡಪ್ಪ ಬಂದರು. ನಲವತ್ತು ದಾಟಿದ, ಹೆಂಡತಿ ಸತ್ತ, ಎರಡು ಮಕ್ಕಳಿದ್ದ ಒಬ್ಬ ಜಮೀನುದಾರನಿಗೆ ನನ್ನನ್ನು ಕೊಡುವುದೆಂದು ಮಾತು ಕೊಟ್ಟೇ ಬಂದಿದ್ದರು. ಅವ್ವ ತಲೆ ತಗ್ಗಿಸಿ, "ಅವರಿಗೆ ಸುಶೀನ್ನ ಓದಸೂದಿತ್ತು" ಎಂದಷ್ಟೇ ಹೇಳಿದಳು.  ಮರುದಿನ ಮಧ್ಯಾಹ್ನ ದೊಡ್ಡಪ್ಪನೊಬ್ಬರನ್ನೇ ಮನೆಯಲ್ಲಿ ಬಿಟ್ಟು ನಾನೂ ಅವ್ವನೂ ಪುರಾಣ ಕೇಳಲು ಹೋಗಿ ಬಂದೆವು. ಸಂಜೆ ಅವರು ತಮ್ಮ ಚೀಲದಿಂದ ಒಂದು ಪತ್ರ ತೆಗೆದರು. ಅಪ್ಪ ಎರಡು ವರ್ಷದ ಹಿಂದೆ ತಮಗೆ ಬರೆದದ್ದೆಂದು ಹೇಳಿ ಗಟ್ಟಿಯಾಗಿ ಓದಿದರು: "ಹುಡುಗಿಗೆ ಓದು ಸಾಕು. ನಾನು ಇರಲಿ, ಬಿಡಲಿ, ನೀನು ಹೇಳಿದ ಮನೆತನಕ್ಕೇ ಕೊಟ್ಟುಬಿಡು."

ಅವ್ವನಿಗೆ ಓದು ಬರುತ್ತಿರಲಿಲ್ಲ. ಗಂಡನ ಮಾತೆಂದು ಪತ್ರವನ್ನು ಕಣ್ಣಿಗೆ ಒತ್ತಿಕೊಂಡು ದೇವರ ಮುಂದೆ ಇಟ್ಟಳು. ನಾನು ಅಕ್ಷರ ನೋಡಿದೆ. ಅಪ್ಪನದೇ ಎನಿಸಿತು. ಅಣ್ಣತಮ್ಮಂದಿರಿಬ್ಬರೂ ಒಬ್ಬರೇ ಮಾಸ್ತರರ ಕೈಯಲ್ಲಿ ಕಲಿತವರು ಎಂಬುದು ಆಗ ನನಗೆ ಹೊಳೆಯಲಿಲ್ಲ. ಮದುವೆಯ ದುಃಖಕ್ಕಿಂತ ಅಪ್ಪ ನನ್ನೆದುರು ಒಂದು, ಹಿಂದೆ ಒಂದು ಆಡಿದರೆಂಬುದೇ ನನ್ನನ್ನು ಸುಟ್ಟಿತು.

ಬೆಳಗಾಗುತ್ತಲೇ ಪತ್ರ ತೆಗೆದುಕೊಂಡು ಕಾಕಾನ ಬಳಿ ಹೋದೆ. "ಅಪ್ಪ ನಿಮ್ಮ ಮುಂದ ಯಾವಾಗರೆ ಹಿಂಗ ಅಂದಿದ್ರೇನು?" ಎಂದು ಕೇಳಿದೆ. ಅವರು ಎಂದಿನಂತೆ ಕಿಟಕಿಗೆ ಹೋದರು. ಈ ಸಲ ಬಹಳ ಹೊತ್ತು ನೋಡಿದರು.

"ಯಾವಾಗ ಬರದದ್ದಂತ ಇದು?"

"ಎರಡು ವರ್ಷ ಆತಂತ. ದೊಡ್ಡಪ್ಪ ಹೇಳಿದ್ರು."

ಅವರು ಪತ್ರವನ್ನು ಮಡಿಸಿ ನನ್ನ ಕೈಗಿಟ್ಟರು. "ನಾ ಕೊಟ್ಟ ಸೀಸೆ ಎಲ್ಲಿಟ್ಟೀ?"

"ಗೂಡಿನ್ಯಾಗ, ಅಪ್ಪನ ಪೆನ್ನಿನ ಬಾಜೂಕ."

"ಹಂಗಾರ ಮನೀಗೆ ಹೋಗಿ ಅದ ಶಾಯಿಯಿಂದ ಒಂದು ಚೀಟಿ ಮ್ಯಾಲೆ ನಾಲ್ಕು ಅಕ್ಷರ ಬರಿ. ಈ ಕಾಗದದ ಬಾಜೂಕ ಇಡು. ನಿಮ್ಮವ್ವಗ ಎರಡೂ ತೋರಸು. ದಿನಾ ಮುಂಜಾನೆ ಬಣ್ಣ ನೋಡು ಅನ್ನು. ಮತ್ತೇನೂ ಹೇಳಬ್ಯಾಡ."

ನನಗೆ ಅರ್ಥವಾಗಿತ್ತು: ಎರಡು ವರ್ಷದ ಅಕ್ಷರ ಇನ್ನೂ ಇಷ್ಟು ನೀಲಿ ಇರಲಾರದು. "ಕಾಕಾ, ನೀವೇ ಬಂದು ಹೇಳ್ರಿ. ರವಿವಾರ ಗಂಡಿನವರು ಹೆಣ್ಣು ನೋಡ್ಲಿಕ್ಕೆ ಬರ್ತಾರ. ನಡುವ ನಾಲ್ಕೇ ದಿನ" ಎಂದು ಗೋಗರೆದೆ.

"ನಾ ಹೇಳಿದ್ರ ಅದು ನೆರೆಮನ್ಯಾವನ ಮಾತು ಆಗ್ತದ, ಸುಶೀ. ಭಾವ ಒಂದು ಅಂದ್ರ ನಿಮ್ಮವ್ವ ನನ್ನ ಮಾತು ಬಿಡ್ತಾಳ. ಆಕಿ ತನ್ನ ಕಣ್ಣೀಲೆ ನೋಡ್ಲಿ. ಆಮ್ಯಾಲೆ ಆಕೀನ್ನ ಯಾರೂ ಅಲ್ಲಾಡಸೂದಿಲ್ಲ."

ಅವ್ವನಿಗೆ ಅಕ್ಷರ ಬಾರದಿದ್ದರೂ ಬಣ್ಣ ಚೆನ್ನಾಗಿ ಬರುತ್ತಿತ್ತು. ಹರಕು ಸೀರೆಗಳ ಕೌದಿ ಹೊಲಿಯುವಾಗ ಒಂದೇ ನೀಲಿಯಲ್ಲಿ ಐದು ನೀಲಿ ಹುಡುಕುವವಳು. ಮೊದಲ ದಿನ ಪತ್ರವನ್ನೂ ಚೀಟಿಯನ್ನೂ ನೋಡಿ, "ಎರಡೂ ಶಂಖಪುಷ್ಪದ ನೀಲಿ" ಎಂದಳು. ಎರಡನೆಯ ದಿನ, "ಮಬ್ಬಾಗ್ಯಾವ" ಎಂದಳು. ಮೂರನೆಯ ದಿನ ಪೆಟ್ಟಿಗೆ ತೆಗೆದು, ಅಪ್ಪ ಮೊದಲು ಯಾವಾಗಲೋ ಊರಿನಿಂದ ಬರೆದ ಒಂದು ಪತ್ರವನ್ನು ತಂದು ಪಕ್ಕದಲ್ಲಿಟ್ಟಳು. ಅದು ಕಂದುಗಪ್ಪು. ನಾಲ್ಕನೆಯ ಬೆಳಿಗ್ಗೆ ಆ ಹಳೆಯ ಪತ್ರ ಇದ್ದ ಹಾಗೆಯೇ ಇತ್ತು. ಉಳಿದವೆರಡೂ ಕಾಡಿಗೆಯಂತೆ ಕಪ್ಪಾಗಿದ್ದವು.

ಅವ್ವ ಪತ್ರವನ್ನೂ ಚೀಟಿಯನ್ನೂ ಕೈಗೆತ್ತಿಕೊಂಡಳು. ಆಮೇಲೆ ಸೆರಗು ಸರಿಪಡಿಸಿಕೊಂಡು ಹೊರಗಿನ ಕಟ್ಟೆಗೆ ಬಂದಳು. ದೊಡ್ಡಪ್ಪ ಚಹಾ ಕುಡಿಯುತ್ತಿದ್ದರು. ಅವರೆದುರು ಅವಳು ನಿಂತು ಮಾತಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಭಾವನವರ, ಅವರು ಸತ್ತು ಆರು ತಿಂಗಳ ಮ್ಯಾಲಾತು. ಅವರ ಅಕ್ಷರ ಇನ್ನೂ ಒಣಗಲಿಕ್ಕೆ ಹತ್ಯಾವಲ್ಲರಿ?"

ದೊಡ್ಡಪ್ಪ ಬಟ್ಟಲು ಕೆಳಗಿಟ್ಟರು. ಪತ್ರ ನೋಡಿದರು, ಚೀಟಿ ನೋಡಿದರು. ಅವರ ಮುಖ ಇಳಿದುಹೋಯಿತು. "ನನ್ನ ಮಗಳು ಓದ್ತಾಳ್ರಿ" ಎಂದು ಹೇಳಿ ಅವ್ವ ಒಳಗೆ ಬಂದಳು. ಒಲೆಯ ಮುಂದೆ ಕುಳಿತು ಹಿಟ್ಟು ನಾದತೊಡಗಿದಳು.

ಆಗ ಕಾಕಾ ಬಂದರು. ನಾನು ಅವರು ದೊಡ್ಡಪ್ಪನಿಗೆ ನಾಲ್ಕು ಬಿರುಸು ಮಾತು ಆಡುತ್ತಾರೆಂದು ಕಾಯುತ್ತಿದ್ದೆ. ಅವರು ಕಟ್ಟೆಯ ಮೇಲೆ ದೊಡ್ಡಪ್ಪನ ಪಕ್ಕ ಕುಳಿತು ಊರಿನ ಮಳೆಬೆಳೆ ಕೇಳಿದರು, ಗಾಡಿಯ ವೇಳೆ ಹೇಳಿದರು, ಅವರ ಚೀಲವನ್ನು ತಾವೇ ಹಿಡಿದು ಸ್ಟೇಶನ್ನಿನವರೆಗೆ ಕಳಿಸಿಬಂದರು. ನನಗೆ ಬೆಂಕಿಯಂಥ ಸಿಟ್ಟು. "ಖೊಟ್ಟಿ ಕಾಗದ ಬರದವರಿಗೆ ಇಷ್ಟು ಮರ್ಯಾದಿ ಯಾಕ?" ಎಂದೆ.

"ಅವರೂ ಒಡಹುಟ್ಟಿದ ತಮ್ಮನ್ನ ಕಳಕೊಂಡಾರ, ಸುಶೀ. ತಂದಿ ಇಲ್ಲದ ಹುಡುಗಿ ಅಂತ ಹೆದರಿ ತಪ್ಪು ಮಾಡ್ಯಾರ. ತಪ್ಪು ನಿಂತಿತಲ್ಲ, ಸಾಕು. ನಾಳೆ ನಿಮ್ಮವ್ವಗ ತನ್ನ ಊರಿಗೆ ಹೋಗಲಿಕ್ಕೆ ಬಾಗಿಲು ಇರಬೇಕೋ ಬ್ಯಾಡೋ?"

ಅದರ ಬೆಲೆ ನನಗೆ ಎರಡು ವರ್ಷದ ಮೇಲೆ ತಿಳಿಯಿತು. ನನಗೆ ನೌಕರಿ ಸಿಕ್ಕಾಗ ದೊಡ್ಡಪ್ಪ ಒಂದು ಡಬ್ಬಿ ಕರದಂಟು ಹಿಡಿದುಕೊಂಡು ತಾವಾಗಿಯೇ ಬಂದಿದ್ದರು. ಹಳೆಯದನ್ನು ಯಾರೂ ಎತ್ತಲಿಲ್ಲ.

ಕಾಕಾ ಇನ್ನೊಂದು ಕೆಲಸ ಮಾಡಿದರು. ದೊಡ್ಡಪ್ಪ ಹೋದ ವಾರವೇ ಒಂದು ಪಾಟಿ, ಬಳಪ ತಂದು ಅವ್ವನ ಮುಂದೆ ಇಟ್ಟರು. "ವೈನಿ, ಇನ್ನೊಮ್ಮೆ ಗಂಡನ ಮಾತು ಬ್ಯಾರೆಯವರ ಬಾಯೀಲೆ ಕೇಳಬ್ಯಾಡ್ರಿ. ಕಲೀರಿ." ಅವ್ವನಿಗೆ ಆಗ ಮೂವತ್ತೆಂಟು. ವಿಧವೆ ಹೆಂಗಸಿಗೆ ವಿಧುರ ಗಂಡಸು ಕಲಿಸಿದರೆ ವಾಡೆಯ ಬಾಯಿ ಸುಮ್ಮನಿರುತ್ತದೆಯೇ? ಅದಕ್ಕೆ ದಾರಿ ತೋರಿಸಿದವಳು ಮಾಲಕಿ ಕಾಕೂ. ದಿನಾ ಮಧ್ಯಾಹ್ನ ಮೊರದ ತುಂಬ ಮೆಂತ್ಯದ ಸೊಪ್ಪು ಹಿಡಿದುಕೊಂಡು ಬಂದು ಅವರಿಬ್ಬರ ನಡುವೆ ಕುಳಿತುಬಿಡುತ್ತಿದ್ದಳು. ಸೊಪ್ಪು ಸೋಸುತ್ತ ಸೋಸುತ್ತ ಅವಳಿಗೂ ಅರ್ಧ ಕನ್ನಡ ಬಂತು. ಅವ್ವನಿಗೆ ಒತ್ತಕ್ಷರ ಮಾತ್ರ ಬಹಳ ಕಾಡಿದವು.

ಯುದ್ಧ ಶುರುವಾದ ಮೇಲೆ ಹೊರದೇಶದಿಂದ ಮಾಚಿಕಾಯಿ ಬರುವುದು ನಿಂತಿತು. ಕಾಕಾ ಅಳಲೆಕಾಯಿ, ಜಾಲಿಕಾಯಿ ಎಲ್ಲ ಹಾಕಿ ನೋಡಿದರು. ಬಣ್ಣ ಒಪ್ಪಲಿಲ್ಲ. ಮೊಣಕಾಲುಗಳೂ ಸೋತಿದ್ದವು. ಪದ್ಮಾ ಬಂದು ಹುಬ್ಬಳ್ಳಿಗೆ ಕರೆದುಕೊಂಡು ಹೊರಟಳು. ಗಡಿಗೆಗಳನ್ನು ತೊಳೆದು ಬಾವಿಯ ಕಟ್ಟೆಯ ಮೇಲೆ ಬೋರಲು ಹಾಕಿದರು.

ಸ್ಟೇಶನ್ನಿಗೆ ನಾನು ಶಾಲೆಯಿಂದ ನೇರವಾಗಿ ಹೋದೆ. ಏನೇನೋ ಹೇಳಬೇಕೆಂದುಕೊಂಡಿದ್ದೆ. ಕಾಲು ಮುಟ್ಟಿ, ಅವರ ಹಾಸಿಗೆಯ ಸುರುಳಿಯನ್ನು ಸೀಟಿನ ಕೆಳಗೆ ಸರಿಸತೊಡಗಿದೆ. ಅವರೇ ಮಾತು ತೆಗೆದರು.

"ನಿನ್ನ ವರ್ಗದಾಗ ಎಷ್ಟು ಹುಡುಗ್ಯಾರು?"

"ಮೂವತ್ತಾರು, ಕಾಕಾ."

"ಮೂವತ್ತಾರು!" ಎಂದು ಬೆರಗಿನಿಂದ ಹೇಳಿದರು. ಗಾಡಿ ಅಲುಗಿದಾಗ ಪದ್ಮಾಳ ಕಡೆ ತಿರುಗಿ ಮತ್ತೆ ಅದನ್ನೇ ಹೇಳುತ್ತಿದ್ದುದು ಕಿಟಕಿಯಿಂದ ಕೇಳಿಸಿತು.

ಆ ಮಳೆಗಾಲದಲ್ಲೇ ಅವರು ತೀರಿಕೊಂಡ ಸುದ್ದಿ ಬಂತು. ಅವ್ವ ಅಂದು ಊಟ ಮಾಡಲಿಲ್ಲ. ಪದ್ಮಾಳಿಗೆ ಸಾಂತ್ವನದ ಪತ್ರ ಬರೆಯಲು ನಾನು ಕುಳಿತಾಗ, "ತಾ ಇಲ್ಲೆ" ಎಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ನಾಲ್ಕು ಸಾಲಿಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. "ಪದ್ಮಾಗ ಆಶೀರ್ವಾದ. ನಿನ್ನ ತಂದಿ ನನಗ ಬರ್ಯಾಕ ಕಲಿಸಿದರು. ಅವರಿಂದ ನನ್ನ ಮಗಳು ಉಳದಳು. ಈ ಕಾಗದ ನಾನೇ ಬರದೇನಿ."

ಎರಡು ಕಡೆ ಒತ್ತಕ್ಷರ ತಪ್ಪಿತ್ತು. ನಾನು ತಿದ್ದಲಿಲ್ಲ. ಹಾಗೆಯೇ ಲಕೋಟೆಗೆ ಹಾಕಿ, ಅಂಟಿಸಿ, ಅಂಚೆಗೆ ಹಾಕಿ ಬಂದೆ.