ಮೊದಲನೇ ಸಾಕು
ಗಂಗಾವತಿಯ ಆ ಭಾರೀ ಹೋಟೆಲಿನಲ್ಲಿ ಕೊರಿಯಾದವರ ಪದ್ಧತಿಯಂತೆ ಟೇಬಲ್ಲಿನ ನಡುವೆಯೇ ಕೆಂಡ ಇಡುತ್ತಾರೆ. ಮಾಂಸವನ್ನು ನಾವೇ ಸುಟ್ಟುಕೊಂಡು, ಹೊಟ್ಟೆಗೆ ಹಿಡಿಸಿದಷ್ಟು ತಿನ್ನಬಹುದು. ನಾಲ್ಕು ಜನರ ಟೇಬಲ್ಲಿಗೆ ನಾನೊಬ್ಬನೇ ಕೂತಿದ್ದೆ. ಮೊದಲ ತಟ್ಟೆ ಖಾಲಿಯಾದಾಗ ಬಡಿಸುವವನು, "ಇನ್ನಷ್ಟು ತರ್ಲೇನ್ರಿ?" ಎಂದ.

"ಸಾಕ್ರಿ," ಎಂದು ತಟ್ಟೆಗೆ ಕೈ ಅಡ್ಡ ಹಿಡಿದೆ.

ನಮ್ಮ ಕುಷ್ಟಗಿ ಕಡೆ ಮೊದಲನೇ ಸಾಕು ಬರೀ ಮರ್ಯಾದೆಗೆ. ನನ್ನ ಹೆಂಡತಿಯಂತೂ ಮೂರನೆಯದನ್ನೂ ನಂಬುತ್ತಿರಲಿಲ್ಲ. "ಸುಮ್ನ ಉಣ್ರಿ," ಎಂದು ಗದರಿ, ಕೈ ಸರಿಸಿ, ಇನ್ನೊಂದು ರೊಟ್ಟಿ ಹಾಕಿಯೇ ಬಿಡುತ್ತಿದ್ದಳು. ಅವಳು ತೀರಿಕೊಂಡು ಆಗ ವರ್ಷವಾಗಿತ್ತು.

ಈ ಪುಣ್ಯಾತ್ಮ ಒಂದೇ ಮಾತಿಗೆ ನಂಬಿಬಿಟ್ಟ. ಕೆಂಡವನ್ನೂ ಎತ್ತಿಕೊಂಡು ಹೋದ. ನನಗಿನ್ನೂ ಹಸಿವಿತ್ತು. ಅಡ್ಡ ಹಿಡಿದ ಕೈಯನ್ನು ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದೆ, ಯಾರಾದರೂ ಸರಿಸಲಿ ಎಂದು.